ಕಾನ್‌ಸ್ಟಾಂಟ್ಸಾದ ಬಣ್ಣದ ಗಾಜಿಗೆ, ಅಲ್ಲಿಯ ಜನರಿಗೆ

ಎರಡು ವಾರದ ಹಿಂದೆ ರುಮೇನಿಯಾದ ಕಾನ್‌ಸ್ಟಾಂಟ್ಸಾ ಊರಿನಲ್ಲಿ, ಸಮುದ್ರದ ದಂಡೆಯ ಮೇಲಿರುವ ಹಳೇ ಕ್ಯಾಸಿನೊ ಕಟ್ಟಡದ ಒಳಗೆ ನಿಂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬರೀ ಬಲಗಣ್ಣಿನಿಂದ ಬಣ್ಣದ ಗಾಜು ನೋಡಿದೆ. ಕಂಡಿತು. ಬಣ್ಣ ಬಣ್ಣವಾಗಿಯೇ ಕಂಡಿತು.

ಅವತ್ತಿನಿಂದ ಇದನ್ನು ಬರೆಯಬೇಕು ಅಂತ ಒದ್ದಾಡ್ತಾ ಇದ್ದೇನೆ. ಹಡಗು ಈಗ ಮೆಡಿಟರೇನಿಯನ್‌ನಲ್ಲಿದೆ, ಕೆಲಸ ಮುಗಿಸಿ ಕ್ಯಾಬಿನ್‌ನಲ್ಲಿ ಕೂತು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ನಾನು ಕುಂದಾಪುರದ ಕಡೆಯವನು. ಹದಿನಾರು ವರ್ಷದಿಂದ ಹಡಗಿನಲ್ಲಿ ಫಿಟ್ಟರ್. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ, ಅವರಲ್ಲಿ ಅರ್ಧ ಜನರಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಕನ್ನಡದಲ್ಲೇ ಬರೆಯುತ್ತೇನೆ. ಮನಸ್ಸಿನ ಮಾತು ನನಗೆ ಬರುವುದು ಇದರಲ್ಲೇ.

2023ರ ಅಕ್ಟೋಬರ್. ನಮ್ಮ ಹಡಗು ಧಾನ್ಯ ತುಂಬಿಸಿಕೊಳ್ಳಲು ಕಾನ್‌ಸ್ಟಾಂಟ್ಸಾದ ಹೊರಗೆ ಲಂಗರು ಹಾಕಿ ಕಾಯುತ್ತಿತ್ತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಆ ಕಡೆಯ ಧಾನ್ಯವೂ ಈ ಬಂದರಿಗೇ ಬರುತ್ತಿತ್ತು, ಹಾಗಾಗಿ ಹಡಗುಗಳ ಸಾಲು ದೊಡ್ಡದಿತ್ತು. ವರ್ಕ್‌ಶಾಪ್‌ನಲ್ಲಿ ಒಂದು ಪೈಪಿನ ಫ್ಲ್ಯಾಂಜ್, ಅಂದರೆ ಪೈಪು ಜೋಡಿಸುವ ತುದಿಯ ಬಳೆ, ಗ್ರೈಂಡ್ ಮಾಡುತ್ತಿದ್ದೆ. ಬೆವರಿಗೆ ಗಾಗಲ್ ಮಂಜಾಗಿತ್ತು. ಒರೆಸೋಣ ಅಂತ ಹಣೆಗೆ ಏರಿಸಿದೆ, ಗ್ರೈಂಡರ್ ಪೂರ್ತಿ ನಿಂತಿರಲಿಲ್ಲ. ತಪ್ಪು ನನ್ನದೇ. ಸಾಸಿವೆಗಿಂತ ಚಿಕ್ಕದೊಂದು ಕಬ್ಬಿಣದ ಚೂರು ಬಲಗಣ್ಣಿನ ಒಳಗೇ ಹೋಯಿತು. ನೋವು ಅಷ್ಟಿರಲಿಲ್ಲ. ಬೆಳಕು ಮಾತ್ರ ಒಂದು ಮೂಲೆಯಿಂದ ಕಂದಾಗುತ್ತಾ ಬಂತು, ಯಾರೋ ನಿಧಾನಕ್ಕೆ ಪರದೆ ಎಳೆಯುತ್ತಿದ್ದ ಹಾಗೆ.

ಮೊದಲ ಥ್ಯಾಂಕ್ಸ್ ನಮ್ಮ ಅವತ್ತಿನ ಬಡಾ ಸಾಬ್‌ಗೆ. ಅಂದರೆ ಚೀಫ್ ಎಂಜಿನಿಯರ್, ನಮ್ಮ ಹಡಗುಗಳಲ್ಲಿ ಹಾಗೇ ಕರೆಯುವುದು. ಕಣ್ಣು ಉಜ್ಜಲು ಹೋದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪೇಪರ್ ಕಪ್ಪಿನ ತಳ ಕತ್ತರಿಸಿ ಕಣ್ಣಿಗೆ ತಾಗದ ಹಾಗೆ ಮುಚ್ಚಿ ಟೇಪ್ ಹಾಕಿದರು. ಅದೊಂದು ಕೆಲಸದಿಂದ ಕಣ್ಣು ಉಳಿಯಿತು ಅಂತ ಆಮೇಲೆ ಡಾಕ್ಟರೇ ಹೇಳಿದರು. ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಬೋಸನ್ ನನ್ನ ಬ್ಯಾಗ್ ತುಂಬಿಸಿ, ದಡಕ್ಕೆ ಹೋಗುವ ಲಾಂಚ್ ದೋಣಿಗೆ ಇಳಿಸಿದ. ಗೋವಾದ ಕುಕ್ ಒಂದು ಡಬ್ಬಿಯಲ್ಲಿ ಗಂಜಿ, ಉಪ್ಪಿನಕಾಯಿ ಕಟ್ಟಿ ಕೊಟ್ಟ. ಯಾರಿಗೆ ಆ ಹೊತ್ತಿನಲ್ಲಿ ಗಂಜಿ ನೆನಪಾಗುತ್ತದೆ ಹೇಳಿ? ಅವನಿಗೆ ನೆನಪಾಯಿತು.

ಆಸ್ಪತ್ರೆಯಲ್ಲಿ ಚೂರು ತೆಗೆದರು, ಹರಿದ ಕಡೆ ಹೊಲಿಗೆ ಹಾಕಿದರು, ಕಣ್ಣಿನ ಹಿಂದಿನ ಪರದೆ ಎದ್ದು ಬಂದಿದ್ದನ್ನು ಕೂರಿಸಿದರು. ಅದು ಜಾಗದಲ್ಲೇ ಇರಲಿ ಅಂತ ಒಳಗೆ ಗ್ಯಾಸ್ ತುಂಬಿದರು. ಈ ಗ್ಯಾಸಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದು ಕರಗುವ ತನಕ ವಿಮಾನ ಹತ್ತುವ ಹಾಗಿಲ್ಲ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಗ್ಯಾಸ್ ಹಿಗ್ಗಿ ಕಣ್ಣನ್ನೇ ತೆಗೆದುಬಿಡಬಹುದು. ಎಂಜಿನ್ ರೂಮಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಡಗು ಲೋಡ್ ಮಾಡಿಕೊಂಡು ಹೊರಟು ಹೋಯಿತು. ನಾನು ಉಳಿದೆ. ಏಳು ವಾರ.

ಜೊತೆಗೆ ಇನ್ನೊಂದು ಕಟ್ಟಳೆ. ಗ್ಯಾಸ್ ಯಾವಾಗಲೂ ಮೇಲಕ್ಕೇ ಏರುತ್ತದಲ್ವಾ, ಅದು ಕಣ್ಣಿನ ಹಿಂಭಾಗವನ್ನು ಒತ್ತಿ ಹಿಡಿಯಬೇಕಾದರೆ ಮುಖ ನೆಲದ ಕಡೆ ಇರಬೇಕು. ಊಟಕ್ಕೆ, ನಿದ್ದೆಗೆ, ನಡೆಯುವುದಕ್ಕೆ, ಎಲ್ಲಕ್ಕೂ ತಲೆ ತಗ್ಗಿಸಿ. ಮೊದಲ ಎರಡು ವಾರ ನಾನು ಆ ಊರಿನಲ್ಲಿ ನೋಡಿದ್ದು ನೆಲ, ನನ್ನ ಚಪ್ಪಲಿ, ಬೇರೆಯವರ ಬೂಟು, ಅಷ್ಟೇ.

ನರ್ಸ್ ಒಬ್ಬರು ನನ್ನ ಮಂಚದ ಕೆಳಗೆ ಕುರ್ಚಿಯ ಮೇಲೆ ಕನ್ನಡಿ ಇಟ್ಟರು, ಮಾತಾಡುವಾಗ ಅವರ ಮುಖ ನನಗೆ ಕಾಣಲಿ ಅಂತ. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅವರ ಮುಖ ನಾನು ಕನ್ನಡಿಯಲ್ಲಿ ಮಾತ್ರ ನೋಡಿದ್ದು. ಈ ಬರಹ ಅವರಿಗೆ ಯಾರಾದರೂ ತೋರಿಸಿದರೆ ನನ್ನ ಹೆಸರಿನಲ್ಲಿ ಒಂದು ನಮಸ್ಕಾರ ಹೇಳಿ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಹಡಗು ಕಂಪನಿಯ ಅಲ್ಲಿಯ ಏಜೆಂಟ್ ಒಂದು ರೂಮ್ ಹುಡುಕಿ ಕೊಟ್ಟರು, ಹಳೇ ಪೇಟೆಯಲ್ಲಿ, ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಮನೆ. ನಾನು ಅವರನ್ನು ದ್ವಾಮ್ನಾ ಅಂತ ಕರೆಯುತ್ತಿದ್ದೆ, ನಮ್ಮಲ್ಲಿ ಅಮ್ಮಾವ್ರೇ ಅಂದ ಹಾಗೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ರುಮೇನಿಯನ್ ಬರುವುದಿಲ್ಲ. ಫೋನ್ ನಡುವೆ ಇಟ್ಟುಕೊಂಡು ಅದರಲ್ಲಿ ಅನುವಾದ ಮಾಡಿ ಮಾತಾಡುತ್ತಿದ್ದೆವು. ಅವರು ಮಾಡುವ ಹುಳಿ ಸೂಪ್ ನಮ್ಮ ಸಾರಿಗೆ ದೂರದ ನೆಂಟ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಡುತ್ತಾರೆ, ಮಾಮಲಿಗಾ ಅನ್ನುತ್ತಾರೆ, ಘಟ್ಟದ ಮೇಲಿನವರಿಗೆ ಅದು ಖಂಡಿತ ಹಿಡಿಸುತ್ತದೆ. ಬಾಡಿಗೆ ಕಂಪನಿ ಕೊಡುತ್ತಿತ್ತು. ಊಟ ಅದರಲ್ಲಿ ಸೇರಿರಲಿಲ್ಲ. ಒಂದು ದಿನವೂ ಅವರು ಅದರ ಲೆಕ್ಕ ಎತ್ತಲಿಲ್ಲ.

ದಿನಾ ಬೆಳಿಗ್ಗೆ ಅವರೇ ನನ್ನ ತೋಳು ಹಿಡಿದು ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದರು. ಮನೆಯಿಂದ ಇಳಿದರೆ ಸಮುದ್ರದ ದಂಡೆ. ನಾನು ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದೆ. ಕಲ್ಲು ಹಾಸು, ಆಮೇಲೆ ತಗಡಿನ ಬೇಲಿ, ಬೇಲಿಯ ಆಚೆ ಸುತ್ತಿಗೆ ಸದ್ದು, ಕಟಿಂಗ್ ಮೆಷಿನ್ ಸದ್ದು. ಕೆಲಸದ ಜಾಗದ ಸದ್ದು ನನಗೆ ಮನೆಯ ಸದ್ದಿದ್ದ ಹಾಗೆ. ಏನು ಕಟ್ಟುತ್ತಿದ್ದಾರೆ ಅಂತ ಕೇಳಿದೆ. ಕಟ್ಟುವುದಲ್ಲ, ರಿಪೇರಿ, ಅಂದರು. ಕ್ಯಾಸಿನೊ.

ಮೂರನೇ ವಾರ ತಲೆ ಎತ್ತಬಹುದು ಅಂದಾಗ ಮೊದಲು ಎತ್ತಿ ನೋಡಿದ್ದು ಅದನ್ನೇ. ಎಡಗಣ್ಣಿಗೆ ಕಂಡಿದ್ದು ಬಿಳಿ ಗೋಡೆ, ಅದಕ್ಕೆ ಅಂಟಿಕೊಂಡ ಅಟ್ಟಣಿಗೆ, ಸಮುದ್ರದ ಕಡೆ ಚಿಪ್ಪಿನ ಆಕಾರದ ದೊಡ್ಡ ಕಿಟಕಿ. ಚಿಪ್ಪು ಅಂದರೆ ನಮ್ಮ ಅಳಿವೆಯಲ್ಲಿ ಹೆಕ್ಕುತ್ತೇವಲ್ಲ, ಗೆರೆಗೆರೆಯಾಗಿ ಬೀಸಣಿಗೆಯ ಹಾಗೆ ಬಿಚ್ಚಿಕೊಂಡದ್ದು, ಅದೇ. ಬಲಗಣ್ಣಿಗೆ ಕಂಡಿದ್ದು ಒಂದು ಗೆರೆ. ಗ್ಯಾಸ್ ಅರ್ಧ ಕರಗಿ ಅರ್ಧ ಉಳಿದಾಗ ಕಣ್ಣೊಳಗೆ ನೀರಿನ ಮಟ್ಟ ಕಾಣುತ್ತದೆ, ಥೇಟ್ ಸ್ಪಿರಿಟ್ ಲೆವೆಲ್ ಇದ್ದ ಹಾಗೆ, ತಲೆ ಓರೆ ಮಾಡಿದರೆ ಅದೂ ತುಳುಕುತ್ತದೆ. ಗೆರೆಯ ಮೇಲೆ ಸ್ವಲ್ಪ ಬೆಳಕು, ಕೆಳಗೆ ಬರೀ ಮಸುಕು. ದಿನಾ ಅಲ್ಲೇ ಅದೇ ಜಾಗದಲ್ಲಿ ನಿಂತು ನೋಡುತ್ತಿದ್ದೆ, ಗೆರೆ ಇವತ್ತು ಎಲ್ಲಿಗೆ ಇಳಿದಿದೆ, ಅಟ್ಟಣಿಗೆಯ ಎಷ್ಟನೇ ಅಂತಸ್ತಿನ ತನಕ ಕಾಣುತ್ತದೆ ಅಂತ.

ದ್ವಾಮ್ನಾ ಆ ಕಟ್ಟಡದ ಕತೆ ತುಂಡು ತುಂಡಾಗಿ ಹೇಳಿದರು, ಉಳಿದದ್ದನ್ನು ನಾನು ಆಮೇಲೆ ಓದಿಕೊಂಡೆ. 1910ರ ಆಗಸ್ಟ್‌ನಲ್ಲಿ ಬಾಗಿಲು ತೆರೆದದ್ದು, ಮೊದಲನೇ ಕರೋಲ್ ರಾಜನ ಕಾಲ. ನಕ್ಷೆ ಡಾನಿಯೆಲ್ ರೆನಾರ್ ಅವರದು. ಇದೆಂಥ ಕಟ್ಟಡ ಅಂತ ಆಗ ಬೈದವರೂ ಇದ್ದರಂತೆ. 1914ರ ಜೂನ್‌ನಲ್ಲಿ ರಷ್ಯಾದ ತ್ಸಾರ್ ಎರಡನೇ ನಿಕೊಲಾಯ್ ಹೆಂಡತಿ ಮಕ್ಕಳ ಜೊತೆ ಹಡಗಿನಲ್ಲಿ ಈ ಊರಿಗೆ ಬಂದಿದ್ದರು. ಎರಡು ತಿಂಗಳೂ ಕಳೆಯಲಿಲ್ಲ, ಮಹಾಯುದ್ಧ ಶುರುವಾಯಿತು. ಯುದ್ಧದಲ್ಲಿ ಕ್ಯಾಸಿನೊ ಆಸ್ಪತ್ರೆಯಾಯಿತು, ಬಾಂಬ್ ಕೂಡ ಬಿತ್ತು. ಎರಡನೇ ಯುದ್ಧವೂ ಬಿಡಲಿಲ್ಲ. 1950ರ ದಶಕದ ಶುರುವಿನಲ್ಲಿ ಅದನ್ನು ರಿಪೇರಿ ಮಾಡಿದವರು ರಾಜಕೀಯ ಕೈದಿಗಳು. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅಷ್ಟು ಚಂದದ ಗಾರೆ ಕೆಲಸ ಹೊಟ್ಟೆಗಿಲ್ಲದ ಕೈಗಳಿಂದ ಮಾಡಿಸಿದರಲ್ಲ. ಅವರ ಹೆಸರೂ ಈ ಥ್ಯಾಂಕ್ಸ್ ಸಾಲಿನಲ್ಲಿ ಸೇರಬೇಕು, ಅವರಿಗೆ ಅವತ್ತು ಯಾರೂ ಹೇಳಿರಲಿಕ್ಕಿಲ್ಲ.

ಆಮೇಲೆ ರೆಸ್ಟೋರೆಂಟ್ ಆಗಿತ್ತು. ದ್ವಾಮ್ನಾ ಮದುವೆಗೆ ಮುಂಚೆ ಗಂಡನ ಜೊತೆ ಅಲ್ಲಿ ಊಟಕ್ಕೆ ಹೋಗಿದ್ದರಂತೆ. 1990ರಲ್ಲಿ ಮುಚ್ಚಿದರು, ಮುಚ್ಚಿದ್ದು ಮುಚ್ಚಿದ್ದೇ. ಸಮುದ್ರದ ಪಕ್ಕ ಬಾಗಿಲು ಹಾಕಿದ ಮನೆ ಏನಾಗುತ್ತದೆ ಅಂತ ಕರಾವಳಿಯವರಿಗೆ ಗೊತ್ತು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಊದಿಕೊಂಡು ತನ್ನ ಸುತ್ತಲಿನ ಕಾಂಕ್ರೀಟನ್ನೇ ಒಡೆಯುತ್ತದೆ. ಕಿಟಕಿಗೆ ಅಡ್ಡ ಕೊಟ್ಟ ಸರಳು ಊದಿದರೆ ಗಾಜು ಉಳಿಯುತ್ತದಾ? ಆ ಕಾಲದ ಫೋಟೊಗಳನ್ನು ನೋಡಿದ್ದೇನೆ, ಕಿಟಕಿಗಳಲ್ಲಿ ಗಾಜಿಗಿಂತ ತೂತೇ ಜಾಸ್ತಿ. 2018ರಲ್ಲಿ ಯುರೋಪಾ ನೋಸ್ಟ್ರಾ ಅನ್ನುವ ಸಂಸ್ಥೆ ಯುರೋಪಿನಲ್ಲಿ ಕೈ ತಪ್ಪಿ ಹೋಗುತ್ತಿರುವ 7 ಜಾಗಗಳಲ್ಲಿ ಇದೂ ಒಂದು ಅಂತ ಪಟ್ಟಿ ಮಾಡಿತು. 2020ರ ಜನವರಿಯಲ್ಲಿ ಕೆಲಸ ಶುರು. ನಾನು ಬೇಲಿಯ ಹೊರಗೆ ನಿಂತಾಗ ನಾಲ್ಕನೇ ವರ್ಷ ನಡೆಯುತ್ತಿತ್ತು.

ನವೆಂಬರ್ ಕೊನೆಗೆ ಗೆರೆ ಪೂರ್ತಿ ಇಳಿದು ಒಂದು ಗುಳ್ಳೆಯಾಗಿ, ಗುಳ್ಳೆ ಚಿಕ್ಕದಾಗಿ, ಒಂದು ಬೆಳಿಗ್ಗೆ ಇರಲೇ ಇಲ್ಲ. ಊರಿಗೆ ಹೊರಟೆ. ದ್ವಾಮ್ನಾಗೆ ಮುಲ್ತ್ಸುಮೆಸ್ಕ್ ಅಂದೆ, ಅಲ್ಲಿ ಥ್ಯಾಂಕ್ಸ್‌ಗೆ ಅದೇ ಮಾತು. ನನ್ನ ಬಾಯಲ್ಲಿ ಅದು ಸರಿಯಾಗಿ ಹೊರಡಲಿಲ್ಲ, ಅವರಿಗೆ ಅರ್ಥವಾಯಿತು.

ಮನೆಯಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು, "ಕಣ್ಣ್ ಕಾಣತ್ತಾ ಮಗಾ?" ಕಾಣುತ್ತದೆ ಅಂದೆ. ಸುಳ್ಳು. ಪೆಟ್ಟು ಬಿದ್ದ ಕಣ್ಣಿಗೆ ಪೊರೆ ಬರತೊಡಗಿತ್ತು. ಎಲ್ಲವೂ ಹಳೇ ಪೇಪರಿನ ಬಣ್ಣ. ಎರಡು ಕಣ್ಣು ಜೊತೆಯಾಗಿ ಕೆಲಸ ಮಾಡದಿದ್ದರೆ ದೂರ ಹತ್ತಿರದ ಅಂದಾಜು ಹೋಗುತ್ತದೆ, ಲೋಟಕ್ಕೆ ಹೊಯ್ದ ಚಹಾ ಮೇಜಿಗೆ ಬೀಳುತ್ತದೆ. ಫಿಟ್ಟರ್ ಕೈಗೆ ಅಂದಾಜು ಹೋದರೆ ಉಳಿಯುವುದೇನು? ಆ ನಾಲ್ಕು ತಿಂಗಳು ನಾನು ಮನೆಯಲ್ಲಿ ಸರಿಯಾಗಿ ಮಾತಾಡಿದವನಲ್ಲ. ಅದನ್ನು ಸಹಿಸಿಕೊಂಡ ಹೆಂಡತಿಗೆ ಇಲ್ಲಿ ಎಲ್ಲರ ಎದುರಿಗೆ ಥ್ಯಾಂಕ್ಸ್ ಹೇಳುತ್ತೇನೆ, ಮನೆಯಲ್ಲಿ ಹೇಳಲು ಹೋದರೆ ಅವಳು ಅಡುಗೆ ಮನೆಗೆ ಎದ್ದು ಹೋಗುತ್ತಾಳೆ.

ಅವಳೇ ಒಂದು ದಿನ, ಸುಮ್ನೆ ಕೂತರೆ ಕೈ ತಪ್ಪುತ್ತದೆ, ಏನಾದರೂ ಮಾಡಿ ಅಂದಳು. ಆಗ ಕ್ಯಾಸಿನೊದ ಗಾಜು ನೆನಪಾಯಿತು. ಈ ಬಣ್ಣದ ಗಾಜಿನ ಕಿಟಕಿ ಹೇಗೆ ಮಾಡುತ್ತಾರೆ ಅಂತ ಹುಡುಕಿ ಓದಿದೆ, ವಿಡಿಯೊ ನೋಡಿದೆ. ಅದು ಗಾಜಿಗೆ ಬಣ್ಣ ಬಳಿಯುವುದು ಅಂತಲೇ ಅಲ್ಲಿಯ ತನಕ ನನ್ನ ಲೆಕ್ಕ. ಹಾಗಲ್ಲ. ಬಣ್ಣ ಗಾಜಿನ ಪಾಕದಲ್ಲೇ ಇರುತ್ತದೆ, ನೀಲಿಗೆ ಕೋಬಾಲ್ಟ್, ಕೆಂಪಿಗೆ ತಾಮ್ರ ಅಥವಾ ಚಿನ್ನ. ಬೆಳ್ಳಿಯ ಉಪ್ಪನ್ನು ಹಚ್ಚಿ ಗೂಡಿನಲ್ಲಿ ಸುಟ್ಟರೆ ಹಳದಿ. ಒಂದೊಂದು ತುಂಡನ್ನೂ ನಕ್ಷೆಯ ಮೇಲೆ ಇಟ್ಟು ಕತ್ತರಿಸಿ, ಸೀಸದ ಪಟ್ಟಿಯಲ್ಲಿ ಕೂರಿಸುತ್ತಾರೆ. ಪಟ್ಟಿಯ ಎರಡೂ ಬದಿಯಲ್ಲಿ ಗಾಡಿ, ಅಂದರೆ ಉದ್ದಕ್ಕೆ ಸಣ್ಣ ಕಾಲುವೆಯಂಥ ಸೀಳು, ಇರುತ್ತದೆ, ಆ ಬದಿಗೊಂದು ಈ ಬದಿಗೊಂದು ಗಾಜು ಕಚ್ಚಿಕೊಳ್ಳುತ್ತದೆ. ಪಟ್ಟಿ ಪಟ್ಟಿ ಸೇರುವ ಜಾಗಕ್ಕೆ ಮಾತ್ರ ಬೆಸುಗೆ. ಆಮೇಲೆ ಸಂದಿಗೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆಯ ಪುಟ್ಟಿ ತಿಕ್ಕುತ್ತಾರೆ, ಮಳೆ ನೀರು ಒಳಗೆ ಬರಬಾರದಲ್ಲ.

ನನ್ನ ಕೈ ತುರಿಸತೊಡಗಿದ್ದು ಬೆಸುಗೆಯ ವಿಷಯ ಓದಿದಾಗ. ಸೀಸ ಕರಗುವುದು 327 ಡಿಗ್ರಿಗೆ. ಬೆಸುಗೆ ಕರಗುವುದು 190ರ ಹತ್ತಿರ. ನಡುವೆ ಇರುವ ಜಾಗದಲ್ಲಿ ಕೆಲಸ ಮುಗಿಸಬೇಕು. ಬಿಸಿ ಕಾವಿಯನ್ನು, ಅಂದರೆ ಬೆಸುಗೆ ಹಾಕುವ ಕಬ್ಬಿಣವನ್ನು, ಒಂದು ಕ್ಷಣ ಜಾಸ್ತಿ ಇಟ್ಟರೆ ಪಟ್ಟಿಯೇ ಕರಗಿ ಗಾಜಿನ ಮೇಲೆ ಹರಿಯುತ್ತದೆ.

ಗಂಗೊಳ್ಳಿಯಲ್ಲಿ ದೋಣಿ ಇಟ್ಟಿರುವ ನೆಂಟನ ಹತ್ತಿರ ಬಲೆಗೆ ಕಟ್ಟುವ ಹಳೇ ಸೀಸದ ಗುಂಡು ತಂದೆ. ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕರಗಿಸಿ, ಪಟ್ಟಿ ಹೊಯ್ದು, ಗರಗಸದಲ್ಲಿ ಗಾಡಿ ಕೊಯ್ದೆ. ಬಾಟಲಿ ಚೂರುಗಳು ಬೇಕಾದಷ್ಟಿದ್ದವು. ಹೆಂಡತಿ ಟಾರ್ಚ್ ಹಿಡಿದು ನಿಂತಳು. ಮೊದಲ ಬೆಸುಗೆಗೆ ಕಾವಿ ಪಟ್ಟಿಗೆ ತಾಗಲೇ ಇಲ್ಲ, ಅರ್ಧ ಇಂಚು ಆಚೆ ಮರದ ಹಲಗೆಯನ್ನು ಸುಟ್ಟಿತು. ಅಷ್ಟು ತಪ್ಪಿತ್ತು ನನ್ನ ಅಂದಾಜು. ಎರಡನೆಯದಕ್ಕೆ ತಾಗಿತು, ಎತ್ತುವುದು ತಡವಾಗಿ ಪಟ್ಟಿ ಹರಿದು ಹೋಯಿತು. ಹೀಗೇ ಒಂದು ತಿಂಗಳು. ನಾಲ್ಕು ತುಂಡಿನ ಒಂದು ಚೌಕ ಆಯಿತು, ಎರಡು ಹಸಿರು, ಒಂದು ಕಂದು, ಒಂದು ಬಿಳಿ. ಅಮ್ಮ ಅದನ್ನು ಅಡುಗೆ ಮನೆಯ ಗಾಜಿನ ಹಂಚಿನ ಕೆಳಗೆ ದಾರ ಕಟ್ಟಿ ತೂಗು ಹಾಕಿದರು. ಹಂಚಿನ ಮನೆ ಇದ್ದವರಿಗೆ ಗೊತ್ತು, ಮಾಡಿನಲ್ಲಿ ಒಂದು ಗಾಜಿನ ಹಂಚು ಇರುತ್ತದೆ, ಅದರಿಂದ ಇಳಿಯುವ ಬಿಸಿಲಿನಲ್ಲಿ ಒಲೆಯ ಹೊಗೆ ಸುತ್ತುವುದು ಕಾಣುತ್ತದೆ. ಈಗ ಆ ಬಿಸಿಲು ಮಧ್ಯಾಹ್ನ ಅನ್ನದ ಪಾತ್ರೆಯ ಮೇಲೆ ಹಸಿರಾಗಿ ಬೀಳುತ್ತದೆ.

2024ರ ಮಳೆಗಾಲಕ್ಕೆ ಮುಂಚೆ ಮಂಗಳೂರಿನಲ್ಲಿ ಪೊರೆ ತೆಗೆದು ಲೆನ್ಸ್ ಹಾಕಿದರು. ಹಳೇ ಹೊಲಿಗೆ ಇದ್ದ ಕಣ್ಣು, ಸುಲಭದ್ದಲ್ಲ ಅಂತ ಮೊದಲೇ ಹೇಳಿದ್ದರು. ಆ ಡಾಕ್ಟರಮ್ಮನಿಗೆ, ಅವರ ಜೊತೆಗಿದ್ದ ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಅವರ ಸಮವಸ್ತ್ರದ ನೀಲಿ. ಅಂಥ ನೀಲಿ ಇದೆ ಅನ್ನುವುದೇ ಮರೆತು ಹೋಗಿತ್ತು. 2025ರ ಶುರುವಿನಲ್ಲಿ ಹಡಗಿಗೆ ಹೋಗುವ ಮುಂಚಿನ ಮೆಡಿಕಲ್ ಟೆಸ್ಟ್ ಪಾಸಾಯಿತು. ಕಾಗದ ಕೈಗೆ ಬಂದಾಗ ಹೊರಗೆ ಬಂದು ಬಸ್ ಸ್ಟಾಂಡ್‌ನಲ್ಲಿ ತುಂಬಾ ಹೊತ್ತು ಕೂತಿದ್ದೆ.

ಕ್ಯಾಸಿನೊ 2025ರ ಮೇ 21ಕ್ಕೆ ಮತ್ತೆ ತೆರೆಯಿತು. ದ್ವಾಮ್ನಾ ಫೋಟೊ ಕಳಿಸಿದ್ದರು. ಬಂದು ನೋಡು ಅಂದಿದ್ದರು, ನಾನು ಹೂಂ ಅಂದಿದ್ದೆ, ಹಡಗಿನವನ ಹೂಂಗೆ ಬೆಲೆ ಇಲ್ಲ, ನಾವು ಹೋಗುವುದು ಸರಕು ಹೋಗುವ ಕಡೆಗೆ. ಆದರೆ ಸೆಪ್ಟೆಂಬರ್‌ನಲ್ಲಿ ಸರಕೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಯಿತು.

ಶೋರ್ ಲೀವ್, ಅಂದರೆ ಹಡಗಿನಿಂದ ಊರಿಗೆ ಇಳಿಯುವ ರಜೆ, ಸಿಕ್ಕಿದ್ದು ಬರೀ ಐದು ಗಂಟೆ. ಈಗಿನ ಸೆಕೆಂಡ್ ಎಂಜಿನಿಯರ್‌ಗೆ ಕತೆ ಹೇಳಿದ್ದೆ, ಅವರೇ ನನ್ನ ಕೆಲಸ ಹಂಚಿ ಕಳಿಸಿದರು, ಅವರಿಗೂ ಥ್ಯಾಂಕ್ಸ್. ಗೇಟಿನ ಹತ್ತಿರ ದ್ವಾಮ್ನಾ ಕೋಟು ಹಾಕಿಕೊಂಡು ಕಾಯುತ್ತಿದ್ದರು, ಸ್ವಲ್ಪ ಸೊರಗಿದ್ದಾರೆ. ಕುಂದಾಪುರದ ಗೋಡಂಬಿ ಕೊಟ್ಟೆ. ಹೆಂಡತಿ ಅಳತೆ ಗೊತ್ತಿಲ್ಲದೆ ಅಂದಾಜಿನ ಮೇಲೆ ಒಂದು ಡಜನ್ ಹಸಿರು ಗಾಜಿನ ಬಳೆ ಕಳಿಸಿದ್ದಳು. ಅವರು ಅಲ್ಲೇ ಬೀದಿಯಲ್ಲಿ ನಿಂತು ಹಾಕಿಕೊಂಡರು, ಸರಿಯಾಗಿ ಕೂತವು.

ಟಿಕೆಟ್ ತೆಗೆದುಕೊಂಡು ಒಳಗೆ ಹೋದೆವು. ಜನ ಮಾಡು ನೋಡುತ್ತಿದ್ದರು, ಮೆಟ್ಟಿಲು, ದೀಪ, ಚಿನ್ನದ ಬಣ್ಣದ ಗಾರೆ ಕೆಲಸ, ಎಲ್ಲ ಚಂದವೇ. ನಾನು ಸೀದಾ ಗಾಜಿನ ಹತ್ತಿರ ಹೋದೆ. ಕೆಲಸದವನ ಚಾಳಿ, ಮೊದಲು ನೋಡಿದ್ದು ಜೋಡಣೆಗಳನ್ನು. ಬೆಸುಗೆ ಚಪ್ಪಟೆಯಾಗಿ, ನುಣ್ಣಗೆ, ಪಟ್ಟಿಯ ಅಂಚು ದಾಟದೆ ಕೂತಿದೆ. ಒಂದು ಕಡೆಯೂ ಸೀಸ ಹರಿದಿಲ್ಲ. ಅದನ್ನು ಮಾಡಿದ ಕೈ ಯಾವಾಗ ಇಡಬೇಕು ಯಾವಾಗ ಎತ್ತಬೇಕು ಅಂತ ತಿಳಿದ ಕೈ. ಒಂದು ಚೌಕಕ್ಕೆ ಒಂದು ತಿಂಗಳು ಸುಟ್ಟುಕೊಂಡವನಾಗಿ ಹೇಳುತ್ತೇನೆ, ಅಲ್ಲಿ ನಿಂತು ಆ ಜೋಡಣೆಗಳನ್ನು ಎಣಿಸುವಾಗ ನನ್ನ ಗಂಟಲು ಕಟ್ಟಿತು. ಆಮೇಲೆ ಎಡಗಣ್ಣು ಮುಚ್ಚಿದ್ದು.

ಬಲಗಣ್ಣಿಗೆ ಅಂಚು ಇನ್ನೂ ಸ್ವಲ್ಪ ಬಳುಕುತ್ತದೆ, ನೇರ ಗೆರೆ ಪೂರ್ತಿ ನೇರವಿಲ್ಲ. ಅದು ಹಾಗೇ ಇರುತ್ತದಂತೆ. ಬಣ್ಣ ಮಾತ್ರ ಒಂದೂ ಕಡಿಮೆ ಇರಲಿಲ್ಲ. ಒಂದು ಚಿಕ್ಕ ನೀಲಿ ತುಂಡಿನ ಹಿಂದೆ ಬೆಳಗಿನ ಸಮುದ್ರ ಅಲುಗುತ್ತಿತ್ತು. ಪಕ್ಕದಲ್ಲಿ ದ್ವಾಮ್ನಾ ಫೋನಿನಲ್ಲಿ ಏನೋ ಟೈಪ್ ಮಾಡಿ ನನ್ನ ಕಡೆ ಹಿಡಿದರು. "ನಾನು ಊಟಕ್ಕೆ ಕೂತಿದ್ದ ಮೇಜು ಇಲ್ಲೇ ಇತ್ತು" ಅಂತ ಇತ್ತು.

ಆ ಗಾಜು ಕತ್ತರಿಸಿದವರು, ಪಟ್ಟಿ ಕೂರಿಸಿದವರು, ಪುಟ್ಟಿ ತಿಕ್ಕಿದವರು, ಅಟ್ಟಣಿಗೆಯ ಮೇಲೆ ನವೆಂಬರ್‌ನ ಚಳಿಗಾಳಿಯಲ್ಲಿ ನಿಂತವರು ಯಾರಂತ ನನಗೆ ಗೊತ್ತಿಲ್ಲ. 2023ರಲ್ಲಿ ಬೇಲಿಯ ಹೊರಗೆ ಒಬ್ಬ ಮುದುಕಿಯ ತೋಳು ಹಿಡಿದು ದಿನಾ ನಿಲ್ಲುತ್ತಿದ್ದ ಕಪ್ಪು ಕನ್ನಡಕದವನು ನಾನು. ಒಬ್ಬರು ಮೇಲಿನಿಂದ ಕೈ ಬೀಸುತ್ತಿದ್ದಿರಿ. ಆಗ ನನಗೆ ನೀವು ಗೆರೆಯ ಮೇಲೆ ಅರ್ಧ ಮಾತ್ರ ಕಾಣುತ್ತಿದ್ದಿರಿ, ಆದರೂ ಕೈ ಬೀಸಿದ್ದು ಕಂಡಿತ್ತು. ಥ್ಯಾಂಕ್ಸ್. ಮುಲ್ತ್ಸುಮೆಸ್ಕ್.

ನಮ್ಮ ಕಡೆಯ ಹಡಗಿನವರು ಯಾರಾದರೂ ಕಾನ್‌ಸ್ಟಾಂಟ್ಸಾಕ್ಕೆ ಹೋದರೆ ಬೆಳಿಗ್ಗೆಯೇ ಹೊರಡಿ, ಆ ದಂಡೆಗೆ ಸೂರ್ಯ ಸಮುದ್ರದ ಕಡೆಯಿಂದ ಬರುತ್ತಾನೆ. ಹಳೇ ಪೇಟೆಯ ಕಡೆಯ ಗೇಟಿನಿಂದ ನಡೆದೇ ಹೋಗಬಹುದು. ಎರಡು ಗಂಟೆ ಇಟ್ಟುಕೊಳ್ಳಿ.